ಕೊಬ್ಬು ಎಂದು ಮೈಕಿನಲ್ಲಿ ಕೂಗಿದವರಿಗೆ

ಮೈಕ್ ಹಿಡಿದ ಮಾನ್ಯರೇ,

ನನ್ನ ಅಕ್ಕ ಮಂಜಮ್ಮ ಹೃದಯಾಘಾತದಿಂದ ಸತ್ತಳು ಎಂದು ತುಮಕೂರಿನ ಆಸ್ಪತ್ರೆಯವರು ಬರೆದುಕೊಟ್ಟಿದ್ದಾರೆ. ಅಸಹಕಾರದಿಂದ ಸತ್ತಳು ಎಂದು ತಾವು ಬರೆದುಕೊಟ್ಟಿದ್ದೀರಿ. ಊರೂರಿನ ಆರೋಗ್ಯ ತಪಾಸಣಾ ಶಿಬಿರಗಳ ಉಸ್ತುವಾರಿ ತಮ್ಮದಾದ್ದರಿಂದ ನಾನು ದೂರನ್ನು ತಮಗೇ ಕೊಟ್ಟಿದ್ದೆ. ತಿಂಗಳುಗಟ್ಟಲೆ ಕಾಯಿಸಿ ತಾವು ಕಳಿಸಿದ ಹಿಂಬರಹದಲ್ಲಿ ಹೀಗಿದೆ: "ಸದರಿ ಶಿಬಿರದಲ್ಲಿ ಶ್ರೀಮತಿ ಮಂಜಮ್ಮ ಕೋಂ ಪೆದ್ದಣ್ಣ ಇವರಿಗೆ ರಕ್ತದಲ್ಲಿ ಕೊಬ್ಬಿನಂಶ ಹೆಚ್ಚಿರುವ ಬಗ್ಗೆ ಸ್ಥಳೀಯ ಭಾಷೆಯಲ್ಲಿ ಸೂಕ್ತ ತಿಳುವಳಿಕೆ ನೀಡಲಾಗಿರುತ್ತದೆ. ಸದರಿಯವರು ಅಸಹಕಾರ ತೋರಿ ಶಿಬಿರದಿಂದ ನಿರ್ಗಮಿಸಿರುತ್ತಾರೆ. ಆದ್ದರಿಂದ ತಮ್ಮ ಮನವಿಯನ್ನು ವಿಲೇಗೊಳಿಸಲಾಗಿದೆ." ತಣ್ಣಗೆ ಓದಿದರೆ ಒಳ್ಳೆಯ ಕಚೇರಿ ಕನ್ನಡ. ನನಗೆ ತಣ್ಣಗೆ ಓದಲು ಆಗಲಿಲ್ಲ.

ನಾನು ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿ ಕಡೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುವವಳು. ಮೊದಲ ಸಲ ಮುಚ್ಚಿದ ಲಕೋಟೆಯಲ್ಲಿ, ವಿನಯದಿಂದ, ಕೈಮುಗಿದು ಬರೆದಿದ್ದೆ. ಅದಕ್ಕೆ ಸಿಕ್ಕ ಮರ್ಯಾದೆ ಏನೆಂದು ಮೇಲೆ ಹೇಳಿದ್ದೇನೆ. ಈಗ ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ, ವಿನಯವನ್ನು ಮನೆಯಲ್ಲೇ ಬಿಟ್ಟಿದ್ದೇನೆ. ನಮ್ಮದು ಬುದ್ಧನ ಮುಂದೆ ದೀಪ ಹಚ್ಚುವ ಮನೆ. ಸೇಡು ಇಟ್ಟುಕೊಳ್ಳಬಾರದು ಎಂದು ಅಪ್ಪ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರು. ಆ ಒಂದು ಪಾಠದಲ್ಲಿ ನಾನು ಫೇಲಾದೆ ಎಂದುಕೊಳ್ಳಿ. ನನಗೆ ಸೇಡು ಬೇಕು. ಅದು ಎಂಥದ್ದು ಎಂಬುದನ್ನು ಕೊನೆಗೆ ಹೇಳುತ್ತೇನೆ, ಅಲ್ಲಿಯವರೆಗೆ ದಯಮಾಡಿ ಓದಬೇಕು.

ಅಕ್ಕನನ್ನು ಕೊಟ್ಟದ್ದು ಪಾವಗಡ ತಾಲ್ಲೂಕಿಗೆ, ಕ್ಯಾತಗಾನಚೆರ್ಲು ದಾಟಿದ ಮೇಲೆ ಸಿಗುವ ಒಂದು ಸಣ್ಣ ಊರಿಗೆ. ಭಾವ ಪೆದ್ದಣ್ಣನವರ ಜಮೀನು ಸೋಲಾರಿಗೆ ಗುತ್ತಿಗೆ ಹೋಯಿತು. ಅದರ ಬಾಡಿಗೆ ಬ್ಯಾಂಕಿಗೆ ಬರತೊಡಗಿದ ಮೇಲೆ ಅಕ್ಕ ತನಗೆಂದು ಕೊಂಡದ್ದು ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಮಾತ್ರ. ಸಂಜೆ ಅದನ್ನು ಮನೆ ಮುಂದೆ ಹಾಕಿಕೊಂಡು ಕೂರುತ್ತಿದ್ದಳು. ಊರಿನ ದೊಡ್ಡ ಮನೆಯ ಯಜಮಾನರು ನಂದೀಶ್ವರಯ್ಯನವರು ಆ ದಾರಿಯಲ್ಲಿ ಬಂದರೆ ನಮ್ಮ ಕೇರಿಯ ಹೆಂಗಸರು ಎದ್ದು ನಿಲ್ಲುವುದು ಅಲ್ಲಿನ ರೂಢಿ. ಅಕ್ಕ ಏಳಲಿಲ್ಲ. "ನಮಸ್ಕಾರ ಯಜಮಾನ್ರೇ" ಎಂದಳು, ಕೂತೇ ಇದ್ದಳು. ಅವರು ಒಂದು ಗಳಿಗೆ ನಿಂತು ನೋಡಿ, "ಸೋಲಾರ್ ದುಡ್ಡು ಬಂದ್ಮ್ಯಾಕೆ ಕೊಬ್ಬು ಜಾಸ್ತಿ ಆತು ಇವಕ್ಕೆ" ಎಂದು ಹೊರಟುಹೋದರು.

ಆ ಮಾತು ಊರಲ್ಲಿ ಉಳಿದುಬಿಟ್ಟಿತು. ಅಲ್ಲಿ ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು. ಕನ್ನಡದವರು ಕೊಬ್ಬು ಅಂದರು, ತೆಲುಗಿನವರು ಕೊವ್ವು ಅಂದರು. ಎರಡು ಭಾಷೆಯಲ್ಲೂ ಆ ಪದಕ್ಕೆ ಮೈಯೊಳಗಿನ ಜಿಡ್ಡು ಎಂಬುದು ಒಂದು ಅರ್ಥ, ಸೊಕ್ಕು ಎಂಬುದು ಇನ್ನೊಂದು ಅರ್ಥ. ಅಕ್ಕನೋ ಬಳೆ ಮೊಣಕೈವರೆಗೆ ಜಾರುವಷ್ಟು ಸಣಕಲಿ. ಹಾಗಾಗಿ ಅವಳನ್ನು ಯಾರಾದರೂ ಕೊಬ್ಬಿದವಳು ಎಂದರೆ ಯಾವ ಅರ್ಥದಲ್ಲಿ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಇಂಥ ಊರಿಗೆ ತಾವು ಶಿಬಿರ ತಂದಿರಿ. ತಂದದ್ದು ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ. ಶಾಲೆಯ ಅಂಗಳದಲ್ಲಿ ಶಾಮಿಯಾನ, ಬ್ಯಾನರಿನ ತುಂಬ ಗಣ್ಯರ ಭಾವಚಿತ್ರಗಳು, ಮೂಲೆಯಲ್ಲಿ ಚಿಕ್ಕದಾಗಿ ಒಂದು ಹೃದಯದ ಚಿತ್ರ. ಹಿಂದಿನ ದಿನವೇ ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಿದ್ದರು. ಅಕ್ಕ ಬೆಳಿಗ್ಗೆ ಕಾಫಿ ಕೂಡ ಕುಡಿಯದೆ ಹೋಗಿ ಕೈ ಚಾಚಿದಳು. ರಕ್ತ ಕೊಟ್ಟಳು. ಕೊಬ್ಬಿನ ಅಂಶಗಳ ಪೂರ್ತಿ ಪರೀಕ್ಷೆ, ಲಿಪಿಡ್ ಪ್ರೊಫೈಲ್ ಎನ್ನುತ್ತಾರಲ್ಲ, ಅದು ತಮ್ಮ ವ್ಯಾನಿನೊಳಗಿನ ಮಿಷನ್ನಿನಲ್ಲಿ ನಡೆಯಿತು. ಮಧ್ಯಾಹ್ನಕ್ಕೆ ವರದಿಗಳು ಬಂದವು. ಒಬ್ಬೊಬ್ಬರನ್ನೇ ಕರೆದು ಕೂರಿಸಿ ಹೇಳಲು ತಮಗೆ ಪುರುಸೊತ್ತಿರಲಿಲ್ಲ, ಶಿರಾದಲ್ಲಿ ಇನ್ನೊಂದು ಕಾರ್ಯಕ್ರಮವಿತ್ತಂತೆ. ತಾವು ಮೈಕ್ ಎತ್ತಿಕೊಂಡಿರಿ.

"ಮಂಜಮ್ಮ ಯಾರಮ್ಮಾ? ಬಾ ಇಲ್ಲಿ. ನೋಡೋಕೆ ಕಡ್ಡಿ ಥರ ಇದೀಯ, ಒಳಗೆಲ್ಲಾ ಬರೀ ಕೊಬ್ಬು ತುಂಬ್ಕೊಂಡಿದೀಯಲ್ಲಮ್ಮ! ಕೊಬ್ಬಿರೋರೆಲ್ಲ ಈ ಕಡೆ ಲೈನಲ್ಲಿ ನಿಂತ್ಕೊಳ್ಳಿ."

ಅಂಗಳಕ್ಕೆ ಅಂಗಳವೇ ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ನಂದೀಶ್ವರಯ್ಯನವರು ಕೂತಲ್ಲಿಂದಲೇ, "ಸಾಹೇಬ್ರೇ, ಇದ್ನ ಹೇಳಾಕೆ ಮಿಷನ್ ಯಾಕ್ ಬೇಕಿತ್ತು? ನಮ್ಮುನ್ನ ಕೇಳಿದ್ರೆ ನಾವೇ ಹೇಳ್ತಿದ್ವಲ್ಲ!" ಎಂದರು. ಆಗ ತಾವೂ ನಕ್ಕಿರಿ. ಬಾಯಿ ಮುಂದೆ ಮೈಕ್ ಇದ್ದದ್ದರಿಂದ ತಮ್ಮ ನಗು ಎಲ್ಲರ ನಗುವಿಗಿಂತ ಜೋರಾಗಿ ಕೇಳಿಸಿತು. ನಾನು ಅಲ್ಲಿರಲಿಲ್ಲ, ಯಾರೋ ಚಾಡಿ ಹೇಳಿದ್ದನ್ನು ನಂಬಿ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಊರಿನ ಹುಡುಗರು ಅದನ್ನು ಮೊಬೈಲಿನಲ್ಲಿ ಹಿಡಿದು ವಾರಗಟ್ಟಲೆ ಸ್ಟೇಟಸ್ ಹಾಕಿಕೊಂಡರು. ಆ ವಿಡಿಯೋ ನನ್ನ ಬಳಿ ಇದೆ.

ಆ ನಗು ಕೇಳಿದ ಮೇಲೂ ನಿಮ್ಮನ್ನು ತಾವು ಎನ್ನುವುದು ನನ್ನಿಂದಾಗದು. ಇಲ್ಲಿಂದ ಮುಂದೆ ನೀವು ಎನ್ನುತ್ತೇನೆ, ನನ್ನ ಕೈಲಾಗುವ ಮರ್ಯಾದೆ ಅಷ್ಟೇ.

ಕೊಬ್ಬು ಎಂದದ್ದು ವೈದ್ಯಕೀಯ ಅರ್ಥದಲ್ಲಿ ಎಂದು ನೀವು ವಾದಿಸಬಹುದು. ಹಾಗಾದರೆ ನಕ್ಕದ್ದು ಯಾವ ಅರ್ಥಕ್ಕೆ? ಟ್ರೈಗ್ಲಿಸರೈಡ್ ಎಂಬ ಪದ ಕೇಳಿ ಯಾರಾದರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆಯೇ? ಅದೂ ಇರಲಿ. ಆ ವಿಡಿಯೋ ಅಲ್ಲಿಗೇ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೀವು ಮೈಕ್ ಕೆಳಗಿಟ್ಟು, ನಂದೀಶ್ವರಯ್ಯನವರ ಕುರ್ಚಿಯ ಪಕ್ಕಕ್ಕೆ ಬಂದು ಬಗ್ಗುತ್ತೀರಿ. "ಯಜಮಾನ್ರೇ, ಸ್ವಲ್ಪ ಕೊಲೆಸ್ಟರಾಲ್ ಇದೆ. ಗಾಬರಿ ಏನಿಲ್ಲ. ಒಂದ್ಸಲ ಶುಗರ್ ನೋಡಿಸಿ, ಇಸಿಜಿ ಮಾಡಿಸಿಬಿಡಿ" ಎನ್ನುತ್ತೀರಿ. ಮೆಲುದನಿ, ಆದರೂ ಕೇಳಿಸುತ್ತದೆ. ಅವರು ಮಾರನೆಯ ವಾರವೇ ಮಧುಗಿರಿಗೆ ಹೋಗಿ ತೋರಿಸಿಕೊಂಡರು, ಸಕ್ಕರೆ ಕಾಯಿಲೆ ಶುರುವಾಗುವುದರಲ್ಲಿತ್ತು, ಮಾತ್ರೆ ತೆಗೆದುಕೊಳ್ಳುತ್ತ ಚೆನ್ನಾಗಿದ್ದಾರೆ. ಚೆನ್ನಾಗಿರಲಿ. ಆದರೆ ಒಂದೇ ದಿನ, ಒಂದೇ ಮಿಷನ್ನು, ಒಂದೇ ತೊಂದರೆ. ದೊಡ್ಡ ಮನೆಯವರಿಗೆ ಕೊಲೆಸ್ಟರಾಲ್ ಇತ್ತು, ನನ್ನ ಅಕ್ಕನಿಗೆ ಕೊಬ್ಬಿತ್ತು. ಅವರಿಗೆ ಹೇಳಿದ ಆ ಎರಡು ಸಾಲನ್ನು ಇವಳಿಗೂ ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಅಕ್ಕ ಆ ಸಾಲಿನಲ್ಲಿ ನಿಲ್ಲಲಿಲ್ಲ. ಕಾಗದವನ್ನು ಮೇಜಿನ ಮೇಲೆ ಬಿಸಾಡಿ ನಡೆದುಬಿಟ್ಟಳು. ಭಾವ ಅದನ್ನು ಎತ್ತಿಕೊಂಡು ರೇಷನ್ ಕಾರ್ಡಿನ ಕವರಿನಲ್ಲಿಟ್ಟರು. ಸಂಜೆ ಅವಳು ನನಗೆ ಫೋನ್ ಮಾಡಿದಳು.

"ಲೇ ವೇದಾ, ಗೌರ್ಮೆಂಟೇ ಮಿಷನ್ ಮಡಗಿ ಹೇಳ್ಬುಡ್ತು ಕಣೆ, ನಂಗೆ ಕೊಬ್ಬಂತೆ. ಯಜಮಾನಪ್ಪನ ಮಾತ್ಗೆ ಈಗ ರಿಪೋರ್ಟೂ ಐತೆ."

ಮೊದಲು ನಕ್ಕಳು, ಆಮೇಲೆ ಅತ್ತಳು. ಅದು ರಕ್ತದ ವಿಷಯ ಕಣಕ್ಕ, ನಡತೆಯ ವಿಷಯ ಅಲ್ಲ, ಬಾ, ತುಮಕೂರಲ್ಲಿ ತೋರಿಸೋಣ ಎಂದೆ. "ಬುಡು, ಅಲ್ಲೂ ಅದ್ನೇ ಅಂತಾರೆ. ಒಂದ್ಸಲ ಅನ್ನುಸ್ಕಂಡಿದ್ದು ಸಾಕು" ಎಂದಳು. ಭಾನುವಾರ ಬಸ್ಸು ಹತ್ತಿ ಹೋದೆ, ಬೇಡಿಕೊಂಡೆ, ಬೈದೆ. ಬರಲಿಲ್ಲ. ಕೆಂಪು ಕುರ್ಚಿಯನ್ನು ಅಟ್ಟದ ಮೇಲೆ ಹಾಕಿಬಿಟ್ಟಿದ್ದಳು. ಸಂಜೆ ಮನೆಯೊಳಗೇ ಗೋಡೆಗೊರಗಿ ಕೂತಿರುತ್ತಿದ್ದಳು. ಯಜಮಾನರು ವರ್ಷಗಟ್ಟಲೆ ಗೊಣಗಿದರೂ ಆಗದ ಕೆಲಸವನ್ನು ನೀವು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದ್ದಿರಿ.

ಕೆಲವು ತಿಂಗಳಾದ ಮೇಲೆ, ಬೇರೆಯವರ ಹೊಲದಲ್ಲಿ ಕಡಲೆಕಾಯಿ ಕೀಳಲು ಕೂಲಿಗೆ ಹೋದಾಗ ಅವಳಿಗೆ ಎದೆ ಉರಿ ಬಂತು. ಮೈಯೆಲ್ಲ ಬೆವರಿತು, ವಾಂತಿಯಾಯಿತು. ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮನೆಗೆ ಬಂದು ಮಲಗಿದಳು. ಭಾವ, "ಆಸ್ಪತ್ರೆಗೆ ಹೋಗಾನ ನಡಿಯೇ" ಎಂದು ಗೋಗರೆದರಂತೆ. "ಗ್ಯಾಸು ಕಣ್ ಬುಡು. ಮತ್ತೆ ಅಲ್ಲೋಗಿ ಕೊಬ್ಬು ಅನ್ನುಸ್ಕಳಾಕೆ ನಾ ಬರಾಕಿಲ್ಲ." ಈ ಮಾತನ್ನು ನನಗೆ ಹೇಳುವಾಗ ಭಾವ ತಲೆ ಎತ್ತಲಿಲ್ಲ. ಬೆಳಿಗ್ಗೆ ಅವಳಿಗೆ ಮಾತಾಡಲೂ ಆಗದಿದ್ದಾಗ ಎತ್ತಿ ಗಾಡಿಯಲ್ಲಿ ಹಾಕಿಕೊಂಡು ಹೊರಟರು. ಪಾವಗಡದಲ್ಲಿ ಮಧುಗಿರಿಗೆ ಹೋಗಿ ಎಂದರು, ಮಧುಗಿರಿಯಲ್ಲಿ ತುಮಕೂರಿಗೆ ಹೋಗಿ ಎಂದರು. ತುಮಕೂರಿನಲ್ಲಿ ಸಕ್ಕರೆ ನೋಡಿದ ನರ್ಸು, ಮಿಷನ್ ಕೆಟ್ಟಿರಬೇಕೆಂದು ಇನ್ನೊಮ್ಮೆ ನೋಡಿದರು. ಮಿಷನ್ ಸರಿಯಾಗಿಯೇ ಇತ್ತು. ಮಾರನೆಯ ದಿನ ಅಕ್ಕ ಹೋದಳು. ನನ್ನ ಕೈಯಲ್ಲೇ ಹೋದಳು.

ಅಲ್ಲಿನ ವೈದ್ಯರು ಹಳೆಯ ವರದಿ ಏನಾದರೂ ಇದೆಯೇ ಎಂದು ಕೇಳಿದ್ದಕ್ಕೆ ಭಾವ ಆ ಕವರಿನಿಂದ ನಿಮ್ಮ ಶಿಬಿರದ ಕಾಗದ ತೆಗೆದುಕೊಟ್ಟಿದ್ದರು. ಎಲ್ಲ ಮುಗಿದ ಮೇಲೆ ಅವರು ನನ್ನನ್ನು ಒಳಗೆ ಕರೆದು, ಬಾಗಿಲು ಮುಚ್ಚಿ, ಎದುರಿಗೆ ಕೂರಿಸಿಕೊಂಡು ಹೇಳಿದರು. ಹಾಗೆ ಹೇಳುವ ಪದ್ಧತಿಯೂ ಲೋಕದಲ್ಲಿದೆ ಎಂಬುದು ನಿಮ್ಮ ಗಮನಕ್ಕೆ.

"ನೋಡಿ ಮೇಡಂ, ಒಟ್ಟು ಕೊಲೆಸ್ಟರಾಲ್ ಇನ್ನೂರರೊಳಗೇ ಇದೆ. ಅದೊಂದನ್ನೇ ನೋಡಿದರೆ ಸರಿಯಾಗಿದೆ ಅನ್ನಿಸುತ್ತೆ. ಆದರೆ ಟ್ರೈಗ್ಲಿಸರೈಡ್ ಮುನ್ನೂರು ದಾಟಿದೆ. ಎಚ್‌ಡಿಎಲ್, ಅಂದರೆ ಒಳ್ಳೆಯ ಕೊಲೆಸ್ಟರಾಲ್, ಮೂವತ್ತರ ಹತ್ತಿರಕ್ಕೆ ಇಳಿದಿದೆ. ಒಂದು ಇಷ್ಟು ಏರಿ ಇನ್ನೊಂದು ಇಷ್ಟು ಇಳಿದಿದ್ದರೆ ಮೈ ಇನ್ಸುಲಿನ್ ಮಾತು ಕೇಳುತ್ತಿಲ್ಲ ಅನ್ನೋ ಅನುಮಾನ ಬರಬೇಕು. ಸಕ್ಕರೆ ಕಾಯಿಲೆ ಇರಬಹುದು, ಬರಬಹುದು, ಹೃದಯದ ನಾಳಗಳಿಗೂ ಅಪಾಯ. ಸಣ್ಣಗಿರೋರಲ್ಲೂ ಇದು ಇರುತ್ತೆ, ನಮ್ಮ ಜನರಲ್ಲಿ ತುಂಬಾನೇ ಇದೆ."

ಆವತ್ತೇ ಗೊತ್ತಾಗಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದೆ. "ಉಳೀತಿದ್ರು ಅಂತ ನಾನು ಬರೆದುಕೊಡೋಕಾಗಲ್ಲ. ಇದು ಎಚ್ಚರಿಕೆ ಅಷ್ಟೇ, ತೀರ್ಪಲ್ಲ. ಆದರೆ ಆವತ್ತೇ ಸಕ್ಕರೆ ನೋಡಿ, ಬಿಪಿ ನೋಡಿ, ಇಸಿಜಿ ಮಾಡಿ, ಮಾತ್ರೆ ಶುರು ಮಾಡಿದ್ರೆ ಅವರಿಗೊಂದು ಅವಕಾಶ ಸಿಗ್ತಿತ್ತು" ಎಂದರು. ಆ ಪ್ರಾಮಾಣಿಕತೆಗೆ ನಾನು ಅವರಿಗೆ ಕೈಮುಗಿದು ಬಂದೆ. ನಿಮ್ಮ ಮೇಲಿನ ಸಿಟ್ಟಿಗೆ ಒಂದು ಆಕಾರ ಬಂದದ್ದು ಆವತ್ತೇ.

ಏಕೆಂದರೆ ಕೊರತೆ ಇದ್ದದ್ದು ಎಲ್ಲಿ ಹೇಳಿ? ಮಿಷನ್ ಇತ್ತು, ಸೂಜಿ ಇತ್ತು, ಕರೆಂಟಿತ್ತು. ಅವಳು ಹಸಿದುಕೊಂಡು ಬಂದು ಕೈ ಚಾಚಿದ್ದಳು. ರಕ್ತ ತನಗೆ ಗೊತ್ತಿದ್ದುದನ್ನೆಲ್ಲ ಹೇಳಿತ್ತು, ಮಿಷನ್ ಅದನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿಯೂ ಕೊಟ್ಟಿತ್ತು. ಹೃದಯಕ್ಕೊಂದು ಸಕ್ಕರೆಗೊಂದು ಬೇರೆ ಬೇರೆ ಶಿಬಿರ ಮಾಡುವವರೆಗೂ ಕಾಯಬೇಕಾಗಿಯೂ ಇರಲಿಲ್ಲ. ಎರಡೂ ಅಪಾಯದ ಸುಳಿವು ಅದೇ ಒಂದು ಹಾಳೆಯಲ್ಲಿತ್ತು. ಉಳಿದದ್ದು ಓದುವವರ ಕೆಲಸ. ಓದುವವರು ಓದಿ ನಕ್ಕರು. ಮಾರನೆಯ ದಿನದ ಪೇಪರಿನಲ್ಲಿ ಶಿಬಿರ ಯಶಸ್ವಿ ಎಂಬ ಸುದ್ದಿ ಬಂತು, ನಿಮ್ಮ ಫೋಟೋ ಬಂತು. ಎಷ್ಟು ಜನರ ರಕ್ತ ತೆಗೆದಿರಿ ಎಂಬುದು ಅದರಲ್ಲಿತ್ತು. ಎಷ್ಟು ಜನರಿಗೆ ಅದರ ಅರ್ಥ ಹೇಳಿದಿರಿ ಎಂಬುದನ್ನು ವರದಿಗಾರರು ಕೇಳಲಿಲ್ಲ, ನೀವೂ ಹೇಳಲಿಲ್ಲ.

ಈಗ ನಿಮ್ಮ ಹಿಂಬರಹಕ್ಕೆ ಬರೋಣ. ಕನ್ನಡದ ಟೀಚರಿಗೆ ಇಂಥದ್ದು ಕಳಿಸಬಾರದಿತ್ತು. "ಸ್ಥಳೀಯ ಭಾಷೆಯಲ್ಲಿ" ಎಂದು ಬರೆದಿದ್ದೀರಿ. ಒಪ್ಪಿದೆ, ಸ್ಥಳೀಯ ಭಾಷೆಯೇ ಹೌದು. ಆ ಸ್ಥಳದ ದೊಡ್ಡವರು ನಮ್ಮಂಥವರನ್ನು ಬೈಯುವ ಭಾಷೆಯನ್ನು ಅಷ್ಟು ಬೇಗ ಕಲಿತದ್ದಕ್ಕೆ ಅಭಿನಂದನೆ. ಇನ್ನು ನಿಮ್ಮ ವಾಕ್ಯರಚನೆ. ತಿಳುವಳಿಕೆ ನೀಡಲಾಗಿರುತ್ತದೆ. ಯಾರು ನೀಡಿದರು? ಗೊತ್ತಿಲ್ಲ. ಮನವಿಯನ್ನು ವಿಲೇಗೊಳಿಸಲಾಗಿದೆ. ಯಾರು ವಿಲೇ ಮಾಡಿದರು? ಅದೂ ಗೊತ್ತಿಲ್ಲ. ಇದನ್ನು ಕರ್ಮಣಿ ಪ್ರಯೋಗ ಎನ್ನುತ್ತೇವೆ, ಮಾಡಿದವರು ಕಾಣಿಸಬೇಕಾಗಿಲ್ಲ. ಆದರೆ "ಸದರಿಯವರು ಅಸಹಕಾರ ತೋರಿ ನಿರ್ಗಮಿಸಿರುತ್ತಾರೆ" ಎನ್ನುವಲ್ಲಿ ಮಾತ್ರ ಕರ್ತೃ ಸ್ಪಷ್ಟವಾಗಿ ಎದ್ದು ನಿಂತಿದ್ದಾಳೆ. ಇಡೀ ಹಿಂಬರಹದಲ್ಲಿ ಏನನ್ನಾದರೂ ಮಾಡಿದವಳು ಎಂದಿರುವುದು ಒಬ್ಬಳೇ, ಅವಳು ಸತ್ತಿದ್ದಾಳೆ. ಬದುಕಿರುವ ನೀವು ಯಾವ ವಾಕ್ಯದಲ್ಲೂ ಇಲ್ಲ. ಇಷ್ಟು ಚೆನ್ನಾಗಿ ಬಚ್ಚಿಟ್ಟುಕೊಳ್ಳುವುದನ್ನು ಯಾವ ಶಾಲೆಯಲ್ಲಿ ಕಲಿತಿರಿ?

ಸತ್ತವಳ ವಿಷಯ ಬಿಡಿ ಎನ್ನುತ್ತೀರೇನೋ. ಬದುಕಿರುವವರ ವಿಷಯ ಹೇಳುತ್ತೇನೆ. ಅಕ್ಕನ ಪಕ್ಕದ ಮನೆಯ ಪಾಪಕ್ಕ ಆ ದಿನ ನಿಮ್ಮ ಮಾತು ಕೇಳಿ ಸಾಲಿನಲ್ಲಿ ನಿಂತವಳು, ನಿಂತದ್ದಕ್ಕೆ ಅವಳಿಗೆ ಸಿಕ್ಕಿದ್ದೂ ಬರೀ ಕಾಗದ. ಅವಳ ವರದಿಯನ್ನು ನಾನು ನೋಡಿದೆ. ಅಕ್ಕನ ಹಾಳೆಯಲ್ಲಿ ಏರಿದ್ದು ಅವಳದರಲ್ಲೂ ಏರಿದೆ, ಇಳಿದದ್ದು ಇಳಿದಿದೆ. ಈಗ ಬಿಂದಿಗೆ ಎತ್ತಿಕೊಂಡು ನಾಲ್ಕು ಹೆಜ್ಜೆ ಹೋದರೆ ಏದುಸಿರು ಬರುತ್ತದೆ, ನಿಂತು ನಿಂತು ಹೋಗುತ್ತಾಳೆ. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಗಾಡಿ ಬಾಗಿಲಿಗೇ ತರುತ್ತೇನೆ ಎಂದೆ. ಅವಳು ಕೊಟ್ಟ ಉತ್ತರವನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ಇದೂ ಸ್ಥಳೀಯ ಭಾಷೆಯೇ.

"ನೀ ಎಷ್ಟ್ ಓದಿದ್ರೂ ನಮ್ಮುಡುಗಿ ಕಣಮ್ಮ. ನೀ ಅಲ್ಲ ಅಂದ್ರೆ ಊರು ಕೇಳ್ತದಾ? ಅಂದೋನೇ ಬರ್ಲಿ. ಬಂದು, ಕೊಬ್ಬಲ್ಲ ಕಣಮ್ಮ, ಕಾಯ್ಲೆ ಅಂತ ಹೇಳ್ಲಿ. ಆಮ್ಯಾಕೆ ರಕ್ತ ಒಂದು ಚೊಂಬು ಬೇಕಾದ್ರೂ ತಕಳ್ಳಿ."

ಆ ಸಾಲಿನಲ್ಲಿ ನಿಂತ ಹೆಂಗಸರೆಲ್ಲರ ಉತ್ತರವೂ ಇದೇ. ಒಬ್ಬರೂ ಮತ್ತೆ ಪರೀಕ್ಷೆಗೆ ಹೋಗಿಲ್ಲ. ಪಕ್ಕದ ಊರುಗಳಲ್ಲೂ ನಿಮ್ಮ ವ್ಯಾನು ಬಂತೆಂದರೆ ನಮ್ಮ ಕೇರಿಗಳಲ್ಲಿ ಬಾಗಿಲು ಹಾಕಿಕೊಳ್ಳುತ್ತಾರೆ. ವಿಡಿಯೋ ನಿಮ್ಮ ವ್ಯಾನಿಗಿಂತ ಮುಂಚೆ ಅಲ್ಲಿಗೆ ತಲುಪಿರುತ್ತದೆ. ಇದನ್ನೂ ಅಸಹಕಾರ ಎಂದು ಬರೆದುಕೊಳ್ಳುತ್ತೀರಾ? ಒಂದು ಸೀಮೆಯ ಹೆಂಗಸರಿಗೆಲ್ಲ ಒಟ್ಟಿಗೇ ಸೊಕ್ಕು ಬಂತು ಎಂದು ಮೇಲಕ್ಕೆ ವರದಿ ಕಳಿಸುತ್ತೀರಾ?

ಹೇಳುತ್ತೇನೆ ಎಂದಿದ್ದೆನಲ್ಲ, ನನಗೆ ಬೇಕಾದ ಸೇಡು ಇದು. ನಿಮ್ಮನ್ನು ಅಮಾನತು ಮಾಡಿ ಎಂದು ನಾನು ಯಾರನ್ನೂ ಕೇಳುವುದಿಲ್ಲ. ಅಮಾನತಾದವರು ಮನೆಯಲ್ಲಿ ಅರ್ಧ ಸಂಬಳ ಎಣಿಸಿಕೊಂಡು ಆರಾಮಾಗಿ ಕೂತಿರುತ್ತಾರೆ. ನೀವು ಕೆಲಸದಲ್ಲಿರಬೇಕು, ಅದೇ ಊರಿಗೆ ಅದೇ ವ್ಯಾನಿನಲ್ಲಿ ಬರಬೇಕು. ಬಂದು ಮೊದಲು ಪಾಪಕ್ಕನ ಮನೆಗೆ ಹೋಗಬೇಕು. ಯಜಮಾನರ ಕುರ್ಚಿಯ ಪಕ್ಕ ಬಗ್ಗಿದಂತೆಯೇ ಅವಳ ಪಕ್ಕದಲ್ಲೂ ಬಗ್ಗಿ, ಅದೇ ಮೆಲುದನಿಯಲ್ಲಿ, ಅವಳ ರಕ್ತದಲ್ಲಿ ಯಾವುದು ಏರಿದೆ, ಯಾವುದು ಇಳಿದಿದೆ, ಅದರಿಂದ ಎದೆಗೇನು ಅಪಾಯ, ಸಕ್ಕರೆಯನ್ನು ಯಾಕೆ ಈಗಲೇ ನೋಡಬೇಕು ಎಂದು ಹೇಳಬೇಕು. ಅಲ್ಲೇ ಸಕ್ಕರೆ ನೋಡಿ, ಅದೇ ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಆ ಸಾಲಿನ ಉಳಿದವರಿಗೂ ಒಬ್ಬೊಬ್ಬರಿಗೇ, ಅವರವರ ಮನೆಯೊಳಗೆ.

ಅದು ಮುಗಿದ ಮೇಲೆ ಶಾಲೆಯ ಅಂಗಳಕ್ಕೆ ಬನ್ನಿ. ಅಲ್ಲಿ ಮಾತ್ರ ಮೆಲುದನಿ ಬೇಡ, ಮೈಕ್ ಹಿಡಿಯಿರಿ. ನಂದೀಶ್ವರಯ್ಯನವರು ಮುಂದಿನ ಸಾಲಿನಲ್ಲೇ ಕೂತಿರಲಿ. ಹೇಳಬೇಕಾದ ವಾಕ್ಯವನ್ನು ನಾನೇ ಬರೆದುಕೊಡುತ್ತೇನೆ: "ನಾನು ಮಂಜಮ್ಮನವರನ್ನು ಅವಮಾನಿಸಿದೆ. ಅವರ ಕಾಯಿಲೆಯನ್ನು ನಾನು ಅವರಿಗೆ ಹೇಳಲಿಲ್ಲ." ಕರ್ತರಿ ಪ್ರಯೋಗ, ಕರ್ತೃ ನಾನು. ಮಾಡಲಾಯಿತು, ಹೇಳಲಾಗಲಿಲ್ಲ ಎಂದು ತಿದ್ದಿಕೊಂಡು ಓದಿದರೆ ಅಲ್ಲೇ ನಿಲ್ಲಿಸಿ ಮೊದಲಿನಿಂದ ಓದಿಸುತ್ತೇನೆ, ಮಕ್ಕಳಿಗೆ ಓದಿಸಿ ನನಗೆ ಅಭ್ಯಾಸವಿದೆ. ನಿಮ್ಮ ನಾಲಿಗೆ ತಡವರಿಸುತ್ತದೆ. ತಡವರಿಸಲಿ. ಅದನ್ನು ಕಣ್ತುಂಬ ನೋಡಲೆಂದೇ ರಜೆ ಹಾಕಿ ಬರುತ್ತೇನೆ. ಆಮೇಲೆ ಹಿಂಬರಹದಿಂದ ಅಸಹಕಾರ ಎಂಬ ಪದ ತೆಗೆದು ಹೊಸದೊಂದನ್ನು ಭಾವನ ಕೈಗೆ ಕೊಡಿ.

ನೀವು ಬರದಿದ್ದರೆ, ಅಷ್ಟರಲ್ಲಿ ಪಾಪಕ್ಕನಿಗೆ ಏನಾದರೂ ಆದರೆ, ನಾನು ಇನ್ನೊಂದು ದೂರು ಬರೆಯುತ್ತೇನೆ ಎಂದುಕೊಳ್ಳಬೇಡಿ. ವಿಲೇ ಮಾಡಲು ನಿಮಗೆ ಕಾಗದ ಸಿಗುವುದಿಲ್ಲ. ಅವಳನ್ನು ಹೊತ್ತುಕೊಂಡು ಕೇರಿಗೆ ಕೇರಿಯೇ ನಿಮ್ಮ ಕಚೇರಿಯ ಮೆಟ್ಟಿಲಿಗೆ ಬರುತ್ತೇವೆ. ಆವತ್ತು ನಿಮ್ಮ ಹೆಸರು ಕೂಗಿ ಹೊರಗೆ ಕರೆಯುವವರು ನಾವು.

ಇಂತಿ,
ಈ ಪತ್ರದ ಹಿಂದೆಯೇ ವರ್ಗಾವಣೆ ಆದೇಶ ಬರುತ್ತದೆಂದು ಗೊತ್ತಿದ್ದು, ಬಟ್ಟೆಬರೆ ಕಟ್ಟಿಟ್ಟುಕೊಂಡೇ ಬರೆದ,
ವೇದಾವತಿ
ಸದರಿ ಮಂಜಮ್ಮನ ತಂಗಿ